ಜಾಡು ಬಿಟ್ಟು ಗಾಲಿ ಇಳಿಸಬೇಡ, ಮಾರಾಯ

ಹೊಸ ಗಾಡಿ ಬಂತಲ್ಲ, ಒಳ್ಳೇದಾಯ್ತು ಮಾರಾಯ. ಫೋರ್ ಬೈ ಫೋರ್ ಬೇರೆ. ಬೇಲಿ ಹತ್ರ ಬಾ, ಒಂದೆರಡು ಮಾತು ಹೇಳೋದಿದೆ. ನಿನ್ನ ಗೆಳೆಯರ ವಿಡಿಯೋ ತೋರಿಸಿದೆಯಲ್ಲ, ಅದನ್ನು ನೋಡಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ. ಜೀಪಿನ ದಾರಿ ಪಕ್ಕದಲ್ಲೇ ಇದೆ. ಆದ್ರೂ ಹುಲ್ಲಿನ ಮೇಲೆ ಗಾಡಿ ಹತ್ತಿಸಿ, ಗಿರಗಿರ ತಿರುಗಿಸಿ, ಮಣ್ಣು ಹಾರಿಸಿದ್ದಾರೆ.

ಆ ಹುಲ್ಲು ಏನು ಕೆಲಸ ಮಾಡ್ತದೆ ಅಂತ ಅವರಿಗೆ ಯಾರೂ ಹೇಳಿಲ್ಲ ಅಂತ ಕಾಣ್ತದೆ. ನಮ್ಮ ಘಟ್ಟದ ನೆತ್ತಿಯಲ್ಲಿ ಮಣ್ಣು ತೆಳು, ಕೆಳಗೆ ಬಂಡೆ. ಆ ಮಣ್ಣನ್ನು ಹಿಡ್ಕೊಂಡಿರೋದೇ ಹುಲ್ಲಿನ ಬೇರು. ಕಣಿವೆ ಸಂದಿಯಲ್ಲಿ ಶೋಲಾ ಕಾಡು, ಮೇಲೆ ಹುಲ್ಲುಗುಡ್ಡ, ಎರಡೂ ಸೇರಿ ಮಳೆನೀರು ಕುಡಿದು ಬೇಸಿಗೆವರೆಗೂ ಸ್ವಲ್ಪ ಸ್ವಲ್ಪವೇ ಬಿಡ್ತವೆ. ಹೇಮಾವತಿ ಹುಟ್ಟೋದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಗೊರೂರು ಅಣೆಕಟ್ಟಿಗೆ ಸೇರೋ ನೀರಿಗೆ ಇಂಥ ಗುಡ್ಡಗಳೇ ತವರು. ಒದ್ದೆ ಹುಲ್ಲಿನ ಮೇಲೆ ಗಾಲಿ ಒಂದು ಸಲ ಜಾರಿ ತಿರುಗಿದ್ರೆ ಸಾಕು, ಬೇರು ಕಿತ್ತು ಬರ್ತದೆ, ಅಡಿಯ ಮಣ್ಣು ಅಮುಕಿ ಗಟ್ಟಿಯಾಗ್ತದೆ. ಜೂನ್ ಮಳೆ ಹಿಡಿದಾಗ ನೀರು ಇಂಗೋದು ಬಿಟ್ಟು ಗಾಲಿಯ ಗೆರೆ ಹಿಡಿದು ಓಡ್ತದೆ, ಮಳೆಗಾಲ ಮುಗಿಯೋದರೊಳಗೆ ಅಲ್ಲೊಂದು ಕೊರಕಲು. ಮುಂದಿನ ವರ್ಷ ಬಂದವನು ಆ ಕೊರಕಲು ತಪ್ಪಿಸೋಕೆ ಪಕ್ಕದ ಹುಲ್ಲಿಗೆ ಇಳೀತಾನೆ. ಇದ್ದ ಒಂದು ದಾರಿ ನಾಲ್ಕಾಗೋದು ಹೀಗೇ. ಆಮೇಲೆ ಅರಣ್ಯ ಇಲಾಖೆಯವರು ಬಂದು ದಾರಿಗೆ ಅಡ್ಡ ಕಂದಕ ಹೊಡೆಸ್ತಾರೆ. ಅವರನ್ನು ಬೈದು ಏನು ಪ್ರಯೋಜನ?

ಮಂಡಲ್‌ಪಟ್ಟಿ ನೋಡು. 2008ರಲ್ಲಿ ‘ಗಾಳಿಪಟ’ ಸಿನಿಮಾ ಅದನ್ನು ಮುಗಿಲುಪೇಟೆ ಅಂತ ತೋರಿಸಿದ ಮೇಲೆ ಜನ ಮುಗಿಬಿದ್ದರು. ಪಕ್ಕದಲ್ಲೇ ಪುಷ್ಪಗಿರಿ ಅಭಯಾರಣ್ಯ. ಅಭಯಾರಣ್ಯ ಅಂದ್ಮೇಲೆ 1972ರ ವನ್ಯಜೀವಿ ಕಾಯ್ದೆ ಇದೆ, ಅನುಮತಿ ಇಲ್ಲದೆ ಒಳಗೆ ಕಾಲಿಡೋ ಹಾಗಿಲ್ಲ, ಗಾಡಿ ಮಾತು ಹಾಗಿರ್ಲಿ. ಅಲ್ಲಿ ಬಾಡಿಗೆ ಜೀಪು ಓಡಿಸಿ ಮನೆ ನಡೆಸೋರಿದ್ದಾರೆ, ಕೊಡಚಾದ್ರಿಯಲ್ಲೂ ಇದ್ದಾರೆ. ಹೊರಗಿಂದ ಬಂದವನ ಹುಡುಗಾಟಕ್ಕೆ ದಾರಿ ಬಂದ್ ಆದ್ರೆ ಹೊಡೆತ ಬೀಳೋದು ಅವರ ಹೊಟ್ಟೆಗೆ. ಬಂದ್ ಆಗೋದು ಬರೀ ಹೆದರಿಸೋ ಮಾತಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲಕ್ಕೆ ಜನಸಾಗರ ಹರಿದು, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣದ ಹಾದಿಗಳನ್ನೆಲ್ಲ ಸರ್ಕಾರ ತಡೆಹಿಡಿಯಿತಲ್ಲ. ಅಚ್ಚುಕಟ್ಟಾಗಿ ನಡೆದು ಹೋಗಿ ಬರ್ತಿದ್ದವರಿಗೂ ಅದೇ ಶಿಕ್ಷೆ.

ಕೊಡಚಾದ್ರಿ ಹತ್ತೋ ಜೀಪಿನಲ್ಲಿ ಒಂದ್ಸಲ ಡ್ರೈವರ್ ಪಕ್ಕ ಕೂತು ನೋಡು. ಬರೀ ಕಲ್ಲು, ಗುಂಡಿ. ಆದ್ರೂ ಆ ಮನುಷ್ಯ ಆಕ್ಸಿಲರೇಟರ್ ತುಳಿಯೋದಿಲ್ಲ. ಲೋ ರೇಂಜಿಗೆ ಹಾಕಿ, ಫಸ್ಟ್ ಗೇರಲ್ಲಿ, ಯಾವ ಕಲ್ಲಿನ ಮೇಲೆ ಯಾವ ಗಾಲಿ ಅಂತ ಮೊದಲೇ ಲೆಕ್ಕ ಹಾಕಿ ತೆವಳಿಸ್ತಾನೆ. ಗಾಲಿ ತಿರುಗಿದಷ್ಟೂ ಗಾಡಿ ಮುಂದೆ ಹೋಗ್ಬೇಕು. ಗಾಲಿ ಸುಮ್ನೆ ತಿರುಗಿ ಮಣ್ಣು ಹಾರ್ತಿದೆ ಅಂದ್ರೆ ಓಡಿಸೋಕೆ ಬರೋದಿಲ್ಲ ಅಂತಲೇ ಅರ್ಥ. ನೀನೂ ಮಣ್ಣಿನ ದಾರಿಗೆ ಇಳಿಯೋ ಮುಂಚೆ ಟೈರಿನ ಗಾಳಿ 30ರ ಆಸುಪಾಸಿಂದ 20ರ ಹತ್ರಕ್ಕೆ ಇಳಿಸು. ಟೈರ್ ಅಗಲವಾಗಿ ಕೂತು ನೆಲ ಹಿಡೀತದೆ, ಕೆತ್ತೋದು ಕಮ್ಮಿ. ವಾಪಸ್ ಡಾಂಬರಿಗೆ ಬಂದ ಕೂಡಲೇ ತುಂಬಿಸೋದು ಮರೀಬೇಡ, ಕಮ್ಮಿ ಗಾಳಿಯಲ್ಲಿ ಹೈವೇಲಿ ಓಡಿಸೋದು ಅಪಾಯ.

ದಾರಿ ಮಧ್ಯೆ ಕೆಸರುಗುಂಡಿ ಬಂತಾ, ಇಳಿದು ಕೋಲು ಹಾಕಿ ಆಳ ನೋಡು. ದಾಟಬಹುದು ಅಂದ್ರೆ ನಡುವೆಯೇ ದಾಟು, ಆಗದಿದ್ರೆ ವಾಪಸ್ ಬಾ. ಪಕ್ಕಕ್ಕೆ ಸುತ್ತು ಹಾಕೋದೊಂದು ಬೇಡ. ಹೂತುಕೊಂಡ್ರೆ ವಿಂಚಿನ ತಂತಿಯನ್ನ ಮರಕ್ಕೆ ನೇರ ಸುತ್ತಬೇಡ, ತೊಗಟೆ ಸುತ್ತಲೂ ಕುಯ್ದು ಹೋದ್ರೆ ಮರ ನಿಂತಲ್ಲೇ ಒಣಗ್ತದೆ. ಅಗಲವಾದ ಪಟ್ಟಿ ಹಾಕು. ಒಂಟಿ ಗಾಡಿ ಬೇಡ, ಇನ್ನೊಂದು ಜೊತೆಗಿರ್ಲಿ. ಹಾಗಂತ ಹತ್ತು ಹದಿನೈದು ಗಾಡಿ ಸಾಲಾಗಿ ಊರೊಳಗೆ ನುಗ್ಗೋದೂ ಚಂದ ಅಲ್ಲ.

ಊರು ಅಂದೆ ನೋಡು, ಅದೇ ಮುಖ್ಯ. ಎಷ್ಟೋ ಗುಡ್ಡದ ದಾರಿ ಯಾರದೋ ತೋಟದ ಅಂಚಲ್ಲೋ, ಊರಿನ ಗೋಮಾಳದಲ್ಲೋ ಹಾದು ಹೋಗ್ತದೆ. ಊರವರು ಸುಮ್ನಿದ್ದಾರೆ ಅನ್ನೋ ಕಾರಣಕ್ಕೇ ಅದು ತೆರೆದಿದೆ. ಉಣುಗೋಲು ಸರಿಸಿ ಹೋದವನು ಮತ್ತೆ ಅದನ್ನ ಹಾಕದೆ ಹೋದ್ರೆ ದನ ಗದ್ದೆಗೆ ನುಗ್ತವೆ. ಒಬ್ಬನ ಪೈರು ಹಾಳಾದ ಮಾರನೇ ದಿನ ಅಲ್ಲಿ ಕಬ್ಬಿಣದ ಗೇಟು, ಬೀಗ. ದಾರಿಯಲ್ಲಿ ಸಿಕ್ಕಿದವರ ಹತ್ರ ಗಾಡಿ ನಿಲ್ಸಿ, ಇಳಿದು ಮಾತಾಡ್ಸು. ಕಾಟಿ ಇಳಿದಿದೆಯಾ, ಆನೆ ಎಲ್ಲಿದೆ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರೋರು ಯಾರು? ಬಾಟ್ಲಿ, ಚಿಪ್ಸ್ ಕವರು ಏನಿದ್ರೂ ಗಾಡಿಯಲ್ಲೇ ವಾಪಸ್ ತಾ, ಬೇರೆಯವರು ಬಿಟ್ಟದ್ದು ಕಂಡ್ರೂ ಹೆಕ್ಕು.

ನಿನ್ನ ಗೆಳೆಯರಿಗೂ ನೀನೇ ಹೇಳ್ಬೇಕು. ನಾನು ಹೇಳಿದ್ರೆ ಮುದುಕ ಅಂತಾರೆ, ನೀನಾದ್ರೆ ಕೇಳ್ತಾರೆ. ಆ ವಿಡಿಯೋ ಅಳಿಸೋಕೆ ಹೇಳು, ಅದು ನೋಡಿ ಇನ್ನೂ ನೂರು ಜನ ಅದೇ ಹುಲ್ಲು ಹುಡುಕ್ಕೊಂಡು ಬರ್ತಾರೆ.

ಭಾನುವಾರ ಹೊರಡೋದಾ? ಶನಿವಾರ ರಾತ್ರಿ ಜೋರು ಮಳೆ ಬಿದ್ರೆ ಮುಂದೂಡು, ನಾಲ್ಕು ದಿನ ಬಿಸಿಲು ಬೀಳ್ಲಿ. ಹೋಗೋದೇ ಆದ್ರೆ ಮೊದಲು ರೇಂಜ್ ಆಫೀಸಿಗೆ ಫೋನ್ ಮಾಡಿ ದಾರಿ ತೆರೆದಿದೆಯಾ ಕೇಳ್ಕೊ. ಮರಕ್ಕೆ ಸುತ್ತೋ ಪಟ್ಟಿ, ಗಾಳಿ ತುಂಬೋ ಪಂಪು ಎರಡೂ ನಮ್ಮ ಶೆಡ್ಡಲ್ಲಿದೆ, ಸಂಜೆ ಬಂದು ತಗೊಂಡು ಹೋಗು.