ಡಬ್ಬಿಗೆ ಬುದ್ಧಿ ಬಂದರೆ

ಬಾಯಿಚಪಲಕ್ಕೆ ಬೀಗ ಹಾಕುವ ಡಬ್ಬಿಯೊಂದು ಅಮೆರಿಕದಲ್ಲಿ ಹುಟ್ಟಿತು. ಹೆಸರು ಕಿಚನ್ ಸೇಫ್. ಮುಚ್ಚಳದ ಗುಂಡಿ ತಿರುಗಿಸಿ 1 ನಿಮಿಷದಿಂದ 10 ದಿನದವರೆಗೆ ಗಡುವು ಕೊಟ್ಟು ಒತ್ತಿದರಾಯಿತು. ಆಮೇಲೆ ಅತ್ತು ಕರೆದರೂ ತೆರೆಯದು. ನಮ್ಮಲ್ಲಿ ಅಟ್ಟದ ಮೇಲಿನ ಚಕ್ಕುಲಿ ಡಬ್ಬಿ ಇದನ್ನೇ ಬ್ಯಾಟರಿಯಿಲ್ಲದೆ ಮಾಡುತ್ತಿತ್ತು. ಸ್ಟೂಲು ಎಳೆದ ಸದ್ದಿಗೇ ನಡುಮನೆಯಿಂದ "ಯಾರೋ ಅದು?" ಎಂಬ ಅಲಾರಂ!

2016ರಲ್ಲಿ ಸ್ಯಾಮ್‌ಸಂಗ್ ಫ್ರಿಜ್ಜಿನೊಳಗೆ ಕ್ಯಾಮೆರಾ ಇಟ್ಟಿತು. ಅಂಗಡಿಯಲ್ಲಿ ನಿಂತೇ ಮನೆಯ ಮೊಸರಿನ ದರ್ಶನ ಪಡೆಯಬಹುದು. ಆದರೆ ನಿಪ್ಪಟ್ಟು ಫ್ರಿಜ್ಜಿನಲ್ಲಿ ಇರುವುದೇ ಇಲ್ಲವಲ್ಲ! ಕ್ಯಾಮೆರಾ ಕಾಯುವುದು ಬಾಡಿದ ಕೊತ್ತಂಬರಿಯನ್ನು.

ನನಗೆ ಹಿಡಿಸಿದ್ದು ಗೂಗಲ್‌ನ ನ್ಯೂಯಾರ್ಕ್ ಕಚೇರಿಯ ಉಪಾಯ. ಎಂ ಅಂಡ್ ಎಂ ಚಾಕೊಲೇಟನ್ನು ಒಳಗಿದ್ದದ್ದು ಕಾಣದ ಜಾಡಿಗೆ ಹಾಕಿ, ಪಿಸ್ತಾ, ಒಣ ಅಂಜೂರಗಳನ್ನು ಗಾಜಿನ ಜಾಡಿಯಲ್ಲಿ ಮುಂದಿಟ್ಟರು. 7 ವಾರದಲ್ಲಿ 31 ಲಕ್ಷ ಕ್ಯಾಲೊರಿ ಉಳಿಯಿತಂತೆ. ಚಿಪ್ಪಿಲ್ಲ, ಆ್ಯಪಿಲ್ಲ. ಜಗತ್ತಿಗೆಲ್ಲ ಹುಡುಕಿಕೊಡುವವರಿಗೆ ಜಾಡಿಯೊಳಗೆ ಹುಡುಕಲು ಸೋಮಾರಿತನ!

ನಮ್ಮ ಮುಂದೆ ಈ ಆಟ ನಡೆಯದು. ಸ್ಟೀಲ್ ಡಬ್ಬಿಯನ್ನು ಎಷ್ಟೇ ಬಿಗಿಯಾಗಿ ಮುಚ್ಚಿಡಿ, ಒಮ್ಮೆ ಅಲ್ಲಾಡಿಸಿ ಒಳಗಿರುವುದು ಕೋಡುಬಳೆಯೋ ಖಾರಾಸೇವೆಯೋ ಎಂದು ಸದ್ದಿನಲ್ಲೇ ಹೇಳುವ ಜನ ನಾವು.