ಬಾಡಿಗೆ ಕಟ್ಟದ ಮಾನ್ಯರಿಗೆ ಒಂದು ಬಹಿರಂಗ ಪತ್ರ

ಗೆ,
ಶ್ರೀಯುತ ಮ್ಯಾಂಟಿಸ್ ಸೀಗಡಿಯವರು,
ಎಡದಿಂದ ಎರಡನೇ ಕಲ್ಲು, ಕೆಳಗಿನ ತೂತು,
ಉಪ್ಪುನೀರಿನ ಗಾಜಿನ ತೊಟ್ಟಿ, ನಡುಮನೆ, ತುಮಕೂರು.

ವಿಷಯ: ತಮ್ಮನ್ನು ಸದರಿ ತೂತಿನಿಂದ ತೆರವುಗೊಳಿಸುವ ಬಗ್ಗೆ.
ಉಲ್ಲೇಖ: ತಾವು ಪ್ರತಿದಿನ ರಾತ್ರಿ ದೀಪ ಆರಿದ ನಂತರ ಹೊರಡಿಸುತ್ತಿರುವ ‘ಟಕ್’ ಎಂಬ ಸದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ಈ ಮನೆಯಲ್ಲಿ ತಾವು ಇರುವುದು ಇನ್ನು ಗುಟ್ಟಲ್ಲ. ಮೊದಮೊದಲು ಆ ಸದ್ದು ಕೇಳಿದಾಗ ನಮ್ಮಮ್ಮ ಅದನ್ನು ಇನ್ವರ್ಟರಿನ ತಲೆಗೆ ಕಟ್ಟಿದರು. ಎಲೆಕ್ಟ್ರಿಷಿಯನ್ ಬಂದ, ಮುಚ್ಚಳ ಬಿಚ್ಚಿದ, ಉಫ್ ಅಂತ ಧೂಳು ಊದಿದ, ಬ್ಯಾಟರಿಗೆ ನೀರು ಹಾಕಿದ, ಮುನ್ನೂರು ರೂಪಾಯಿ ತಗೊಂಡು ಹೋದ. ಅವತ್ತು ರಾತ್ರಿಯೂ ಟಕ್. ಕೊನೆಗೆ ತಮ್ಮ ಸುಳಿವು ಕೊಟ್ಟದ್ದು ತಮ್ಮದೇ ಎಂಜಲು. ಮರಳಿನ ಮೇಲೆ ಬಸವನಹುಳುವಿನ ಚಿಪ್ಪೊಂದು ಬಿದ್ದಿತ್ತು. ಬಾಯಿಯ ಅಂಚು ಚೂರುಚೂರಾಗಿ ಒಡೆದಿತ್ತು, ಒಳಗೆ ತೊಳೆದಿಟ್ಟಷ್ಟು ಖಾಲಿ. ಅದರ ಪಕ್ಕದಲ್ಲಿ ಕ್ಲೀನರ್ ಸೀಗಡಿಯ ಉದ್ದನೆಯ ಬಿಳಿ ಮೀಸೆ ಇತ್ತು, ಸೀಗಡಿ ಇರಲಿಲ್ಲ. ನಡುಮನೆಯ ದೀಪ ಆರಿಸಿ, ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ ಕೂತೆ. ತೂತಿನ ಬಾಯಲ್ಲಿ ಎರಡು ಕಣ್ಣು ಮೂಡಿದವು. ಒಂದು ಮೇಲಕ್ಕೆ, ಇನ್ನೊಂದು ಪಕ್ಕಕ್ಕೆ ಹೊರಳುತ್ತ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದವು. ಕಿರುಬೆರಳಿನುದ್ದದ ಜೀವಕ್ಕೆ ಅಷ್ಟು ಠೀವಿ ಹೇಗೆ ಬಂತೋ!

ತಮ್ಮ ಮೇಲಿನ ಮೊದಲ ಆರೋಪ ಅಕ್ರಮ ಪ್ರವೇಶ. ಈ ತೊಟ್ಟಿಯ ಉಳಿದವರಿಗೆಲ್ಲ ಬಿಲ್ಲಿದೆ. ಕ್ಲೌನ್ ಮೀನಿನ ಜೋಡಿ ಆಮ್ಲಜನಕ ತುಂಬಿದ ಚೀಲದಲ್ಲಿ, ಬೆಂಗಳೂರಿನಿಂದ ತುಮಕೂರಿನವರೆಗೆ ರೈಲಿನಲ್ಲಿ ನನ್ನ ತೊಡೆಯ ಮೇಲೆ ಕೂತು ಬಂದದ್ದು. ಮೆತ್ತನೆಯ ಹವಳಗಳು ಥರ್ಮೋಕೋಲ್ ಡಬ್ಬದಲ್ಲಿ ಕೊರಿಯರ್ ಮೂಲಕ ಬಂದವು. ಕಲ್ಲಿಗೂ ಬಿಲ್ಲಿದೆ. ಅದು ಸಮುದ್ರದಿಂದ ಕಿತ್ತದ್ದಲ್ಲ, ಸೆರಾಮಿಕ್. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. ಗಟ್ಟಿ ಹವಳಗಳನ್ನೆಲ್ಲ 2001ರಲ್ಲಿ ಅದರ ಮೊದಲನೇ ಅನುಸೂಚಿಗೆ, ಅಂದರೆ ಹುಲಿಯ ಸಾಲಿಗೆ ಸೇರಿಸಿದರು. ಸತ್ತ ಹವಳದ ತುಂಡನ್ನು ಶೋಕೇಸಿನಲ್ಲಿ ಇಟ್ಟುಕೊಂಡವರೂ ಮೂರರಿಂದ ಏಳು ವರ್ಷ ಒಳಗಿರಬೇಕಾದೀತು. ನಾನು ಕಾನೂನಿಗೆ ಹೆದರುವವನು, ಸುಟ್ಟ ಮಣ್ಣಿನ ಕಲ್ಲನ್ನೇ ಕೊಂಡೆ. ಅಂಗಡಿಯವರು ಅದನ್ನು ತಮ್ಮ ತೊಟ್ಟಿಯಲ್ಲಿ ವರ್ಷಗಟ್ಟಲೆ ನೆನೆಸಿಟ್ಟಿದ್ದರಂತೆ. “ಇದ್ರಲ್ಲಿ ಜೀವ ಇದೆ ಸಾರ್” ಎಂದು ಒಂದಕ್ಕೆರಡು ದರ ಹೇಳಿದರು. ಅವರ ಮಾತು ಸುಳ್ಳಾಗಲಿಲ್ಲ.

ತಮ್ಮನ್ನು ಹೊರಗಿನವರು ಎನ್ನೋಣವೆಂದರೆ ಈ ತೊಟ್ಟಿಯಲ್ಲಿ ಒಳಗಿನವರು ಯಾರು ಎಂಬ ತಕರಾರು ಏಳುತ್ತದೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಊರು. ಇಲ್ಲಿ ಸಮುದ್ರದ್ದು ಅಂತ ಏನೂ ಇಲ್ಲ, ನೀರೂ ಇಲ್ಲ. ತಾವು ಸಮುದ್ರವೆಂದು ನಂಬಿ ಬಾಳುತ್ತಿರುವುದು ಹೇಮಾವತಿ ನೀರು. ಗೊರೂರಿನ ಅಣೆಕಟ್ಟಿನಿಂದ ನಾಲೆಯಲ್ಲಿ ಹರಿದು, ಬುಗುಡನಹಳ್ಳಿ ಕೆರೆ ಸೇರಿ, ಅಲ್ಲಿಂದ ನಲ್ಲಿಗೆ ಬಂದದ್ದನ್ನು ನಾನು ಆರ್‌ಒ ಯಂತ್ರಕ್ಕೆ ಕೊಟ್ಟು, ಟಿಡಿಎಸ್ ಮೀಟರು ಸೊನ್ನೆ ತೋರಿಸುವ ತನಕ ಸೋಸಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 200 ಲೀಟರಿಗೆ 7 ಕೆಜಿ ಉಪ್ಪು ಬೆರೆಸಿ, ನೀಲಿ ಡ್ರಮ್ಮಿನಲ್ಲಿ ರಾತ್ರಿಯಿಡೀ ಕಲಕಿ ಮಾಡಿದ ಅರಬ್ಬೀ ಸಮುದ್ರ ಇದು. ಕರೆಂಟು ಹೋದರೆ ಅಲೆ ನಿಲ್ಲುತ್ತದೆ.

ಈ ನೀರಿನ ಬೆಲೆ ತಮಗೆ ಗೊತ್ತಿರಲಿಕ್ಕಿಲ್ಲ. ಕುಣಿಗಲ್ ಕಡೆಗೆ ಹೇಮಾವತಿ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ 2025ರಲ್ಲಿ ಗುಬ್ಬಿ ತಾಲ್ಲೂಕಿನ ರೈತರು ಬೀದಿಗಿಳಿದಿದ್ದರು. ನನ್ನ ಸೋದರಮಾವ ಗುಬ್ಬಿಯವರು, ತೆಂಗು ಅಡಿಕೆ ಇಟ್ಟವರು. ಪೈಪಿನಲ್ಲಿ ನೀರು ಹೋದರೆ ನಮ್ಮ ಪಾಲು ಹೋಯಿತು ಎನ್ನುವ ಪಕ್ಷ. ಅಕ್ಕನ ಗಂಡ ಕುಣಿಗಲ್‌ನವರು. ನಾಲೆಯ ತುದಿಯವರಿಗೆ ನಮ್ಮ ನೀರು ಯಾವತ್ತು ಬಂದಿದೆ ಎನ್ನುವ ಪಕ್ಷ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರದೆ ಸುಮಾರು ಕಾಲವಾಗಿತ್ತು. ತಮ್ಮ ಸುದ್ದಿ ಕೇಳಿ ಇಬ್ಬರೂ ಒಂದೇ ಭಾನುವಾರ ಬಂದು ಈ ಗಾಜಿನ ಮುಂದೆ ಅಕ್ಕಪಕ್ಕ ಕುಕ್ಕರಗಾಲಲ್ಲಿ ಕೂತರು. ಅದೊಂದು ಉಪಕಾರಕ್ಕೆ ತಮಗೆ ವಂದನೆ.

“ಅಳಿಯಾ, ಇದುನ್ನ ಹಿಡ್ದು ನಮ್ ಕೆರೆಗೆ ಬಿಟ್ಬುಡು, ಬದ್ಕೋ ಹಂಗಿದ್ರೆ ಬದ್ಕತದೆ” ಅಂದರು ಮಾವ.

“ಕೆರೇಲಿ ನೀರಿದ್ರೆ ತಾನೆ ಬಿಡೋದು” ಅಂದರು ಭಾವ.

“ನಿಮ್ ಕಡೀಕ್ ಹೊಡ್ಕಂಡೋದ್ರೆ ಎಲ್ಲಿರ್ತದೆ?”

ಮುಂದಿನ ಸಂಭಾಷಣೆಯನ್ನು ತಾವೇ ಕೇಳಿದ್ದೀರಿ. ಕಾಫಿ ತಣ್ಣಗಾಯಿತು.

ಇನ್ನು ತಮ್ಮ ಅರ್ಹತೆಗಳ ಬಗ್ಗೆ. ಡೈನೋಸಾರ್‌ಗಳಿಗಿಂತ ಹಳೆಯ ಮನೆತನ ತಮ್ಮದು. ತಮ್ಮ ದೊಡ್ಡಣ್ಣ ನವಿಲು ಮ್ಯಾಂಟಿಸ್ ಹೊಡೆಯುವ ಗುದ್ದಿನ ವೇಗ ಸೆಕೆಂಡಿಗೆ 23 ಮೀಟರ್ ಎಂದು 2004ರಲ್ಲಿ ವಿಜ್ಞಾನಿ ಶೀಲಾ ಪಟೇಕ್ ಮತ್ತು ಸಂಗಡಿಗರು ಅತಿವೇಗದ ಕ್ಯಾಮೆರಾ ಇಟ್ಟು ಅಳೆದಿದ್ದಾರೆ. ತೋಳಿನಲ್ಲಿ ಒಂದು ಸ್ಪ್ರಿಂಗು, ಅದಕ್ಕೊಂದು ಚಿಲಕ. ಚಿಲಕ ಬಿಟ್ಟರೆ ಆಯಿತು. ಗುದ್ದಿನ ರಭಸಕ್ಕೆ ನೀರಲ್ಲಿ ಗುಳ್ಳೆ ಹುಟ್ಟಿ, ಆ ಗುಳ್ಳೆ ಒಡೆದು ಇನ್ನೊಂದು ಏಟು ಬೀಳುತ್ತದೆ. ಮೊದಲನೆಯದು ತಪ್ಪಿಸಿಕೊಂಡವನಿಗೆ ಎರಡನೆಯದು ಉಚಿತ. 1998ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನ ಮತ್ಸ್ಯಾಲಯದಲ್ಲಿ ಟೈಸನ್ ಎಂಬ ಹೆಸರಿನ ನಿಮ್ಮವರೊಬ್ಬರು ತೊಟ್ಟಿಯ ಗಾಜನ್ನೇ ಒಡೆದರು. ಕಣ್ಣಂತೂ ಲೋಕಪ್ರಸಿದ್ಧ: ಬಣ್ಣ ಹಿಡಿಯಲು ನಮಗೆ ಮೂರು ಬಗೆಯ ಗ್ರಾಹಕಕೋಶಗಳಿದ್ದರೆ ತಮ್ಮ ಕುಲದಲ್ಲಿ ಹನ್ನೆರಡು. ಇದನ್ನು ಕೇಳಿ ಕವಿಗಳು ತಾವು ನೋಡುವ ಲೋಕದ ಬಣ್ಣಗಳನ್ನು ನೆನೆದು ಕರಗಿಹೋದರು. ಆದರೆ 2014ರಲ್ಲಿ ಪರೀಕ್ಷೆ ಮಾಡಿ ನೋಡಿದಾಗ, ಹತ್ತಿರಹತ್ತಿರದ ಎರಡು ಬಣ್ಣಗಳನ್ನು ಬೇರೆ ಮಾಡುವುದರಲ್ಲಿ ತಾವು ನಮಗಿಂತ ಹಿಂದೆ ಎಂದು ಗೊತ್ತಾಯಿತು. ಹನ್ನೆರಡು ಜನ ನೌಕರರಿದ್ದೂ ಕಡತ ಕದಲದ ಕಚೇರಿಗಳನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಷ್ಟೆಲ್ಲ ಇದ್ದೂ ತಮ್ಮ ಬೆಲೆ ನಿಂತಿರುವುದು ವಿಳಾಸದ ಮೇಲೆ. ಮಂಗಳೂರಿನ ಧಕ್ಕೆಯ ಟ್ರಾಲ್ ಬೋಟಿನವರ ಬಲೆಗೆ ತಮ್ಮ ದಾಯಾದಿಗಳು ರಾಶಿರಾಶಿ ಬೀಳುತ್ತಾರೆ. ಬೇಡದ ಮಾಲು. ಕಡಲಿಗೆ ವಾಪಸು ಎಸೆಯುತ್ತಾರೆ, ಇಲ್ಲವೇ ಒಣಗಿಸಿ ಪುಡಿ ಮಾಡಿ ಕೋಳಿ ಆಹಾರಕ್ಕೆ ಕಳಿಸುತ್ತಾರೆ. ನಮ್ಮ ಮನೆಯ ಆಮ್ಲೆಟ್ಟಿನಲ್ಲಿ ತಮ್ಮ ವಂಶದ ಅಂಶ ಇದ್ದರೂ ಇದ್ದೀತು. ಜಪಾನಿನಲ್ಲಿ ಅದೇ ಕುಲದವರನ್ನು ಬೇಯಿಸಿ ಅನ್ನದ ಉಂಡೆಯ ಮೇಲೆ ಮಲಗಿಸಿ ಸುಶಿ ಎಂದು ಬಡಿಸುತ್ತಾರೆ. ಅಲಂಕಾರದ ಮೀನಿನ ಅಂಗಡಿಯಲ್ಲಿ ನವಿಲುಬಣ್ಣದವರು ಒಂಟಿ ತೊಟ್ಟಿಯಲ್ಲಿ ಮಹಾರಾಜರ ಹಾಗೆ ಮಾರಾಟಕ್ಕೆ ಕೂತಿರುತ್ತಾರೆ. ನನ್ನ ನಡುಮನೆಯಲ್ಲಿ ಮಾತ್ರ ತಾವು ಪೀಡೆ. ತಾವು ಎಲ್ಲಿದ್ದರೂ ಮಾಡುವ ಕೆಲಸ ಒಂದೇ: ತೂತಿನಲ್ಲಿ ಕೂರುವುದು, ಚಿಪ್ಪು ಒಡೆಯುವುದು, ತಿನ್ನುವುದು. ಪೀಡೆಯೋ ಪ್ರಭುವೋ ಎಂದು ತೀರ್ಮಾನಿಸುವವನು ಗಾಜಿಗೆ ದುಡ್ಡು ಕೊಟ್ಟವನು.

ದುಡ್ಡು ಕೊಟ್ಟವನ ಕಷ್ಟವನ್ನೂ ತಾವು ಕೇಳಬೇಕು. ತಮಗಿಂತ ಮೊದಲು ಇದೇ ಕಲ್ಲಿನಲ್ಲಿ ಐಪ್ಟೇಸಿಯಾ ಎಂಬ ಕಂದು ಹೂವು ಅರಳಿತ್ತು. ನೋಡಲು ಪಾಪದ್ದು, ಆದರೆ ಪಕ್ಕದ ಹವಳವನ್ನು ಕುಟುಕುತ್ತದೆ, ಕಿತ್ತರೆ ಉಳಿದ ಚೂರೊಂದೊಂದೂ ಹೊಸ ಸಂಸಾರ ಹೂಡುತ್ತದೆ. ಅದನ್ನು ತಿನ್ನಲೆಂದು ಪೆಪ್ಪರ್‌ಮಿಂಟ್ ಸೀಗಡಿಗಳನ್ನು ತರಿಸಿದೆ. ಅವು ಕೆಲಸ ಶುರುಮಾಡಿದವು. ತಾವು ಅವುಗಳನ್ನು ತಿಂದಿರಿ. ಈಗ ಹೂವುಗಳು ಮತ್ತೆ ಸೊಂಪಾಗಿವೆ, ತಾವು ಅವುಗಳ ಕಾವಲು ಪಡೆಯ ಹಾಗೆ ಕೂತಿದ್ದೀರಿ. ತಮ್ಮನ್ನು ತಿನ್ನಲು ಆಕ್ಟೋಪಸ್ ತಾ ಎಂದರು ಒಬ್ಬ ಹಿತೈಷಿ. ಆ ದಾರಿ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು.

ಕೆರೆಗೆ ಬಿಡುವ ಮಾವನ ಸಲಹೆ ಮಾತ್ರ ಇಲ್ಲಿಯ ಹಳೆಯ ಪದ್ಧತಿಯೇ. ಆಫ್ರಿಕಾ ಮೂಲದ ತಿಲಾಪಿಯಾ 1952ರಲ್ಲಿ ದೇಶಕ್ಕೆ ಬಂತು. ಈಗ ಜಿಲೇಬಿ ಮೀನು ಎಂಬ ಮುದ್ದು ಹೆಸರಿನಲ್ಲಿ ನಮ್ಮ ಕೆರೆಗಳಿಗೆ ಅದೇ ಯಜಮಾನ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ನಿಷೇಧ, ಸಾಕುವವರು ಸಾಕುತ್ತಲೇ ಇದ್ದಾರೆ. ಇನ್ನೊಂದುಂಟು, ಟ್ಯಾಂಕ್ ಕ್ಲೀನರ್. ಬೆರಳುದ್ದ ಇದ್ದಾಗ ಗಾಜು ನೆಕ್ಕಿ ಸ್ವಚ್ಛ ಮಾಡುತ್ತದೆಂದು ಮಕ್ಕಳಿಗೆ ಕೊಡಿಸುತ್ತಾರೆ. ಮೊಳದುದ್ದ ಆದಾಗ ಕೊಲ್ಲಲು ಮನಸ್ಸು ಬಾರದೆ, ಪುಣ್ಯ ಬರಲಿ ಎಂದು ಸಂಜೆಗತ್ತಲಲ್ಲಿ ಕೆರೆಗೆ ಬಿಟ್ಟು ಕೈಮುಗಿದು ಬರುತ್ತಾರೆ. ಅದು ಸಾಯುವುದಿಲ್ಲ. ಮೈಯೆಲ್ಲ ಗಟ್ಟಿ ಫಲಕ, ರೆಕ್ಕೆಯಲ್ಲಿ ಮುಳ್ಳು. ಮೀನುಗಾರರ ಬಲೆಗೆ ಬಿದ್ದರೆ ಬಲೆಯನ್ನೇ ಹರಿಯುತ್ತದೆ, ಮಾರಿದರೆ ಕೊಳ್ಳುವವರಿಲ್ಲ. ತುಮಕೂರಿನ ಅಮಾನಿಕೆರೆಗೆ ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ನಡಿಗೆಪಥ ಬಂತು, ದೀಪ ಬಂತು. ಏರಿಯ ಮೇಲೆ ವಾಕಿಂಗ್ ಮಾಡುವವರು ನೀರಿನೊಳಗೆ ಯಾರಿದ್ದಾರೆಂದು ಬಗ್ಗಿ ನೋಡುವುದಿಲ್ಲ. 200 ಲೀಟರಿನ ನನ್ನ ಡ್ರಮ್ಮು ಸಮುದ್ರಕ್ಕೆ ಐದು ಬಗೆಯ ಮೀಟರಿದೆ, ದಿನಚರಿ ಪುಸ್ತಕವಿದೆ, ಪೀಡೆಗೆ ಬಹಿರಂಗ ಪತ್ರ ಬರೆಯುವ ಯಜಮಾನನಿದ್ದಾನೆ. ಆ ಕೆರೆಯ ಮೀನುಗಳಿಗೆ ಯಾರೂ ಒಂದು ಸಾಲು ಬರೆದಿಲ್ಲ. ತಾವು ಸಿಹಿನೀರಿನಲ್ಲಿ ಸ್ವಲ್ಪ ಹೊತ್ತೂ ಬದುಕಲಾರಿರಿ ಎಂಬುದು ಗುಬ್ಬಿ, ಕುಣಿಗಲ್, ತುಮಕೂರು ಮೂರೂ ಕಡೆಯ ಕೆರೆಗಳ ಅದೃಷ್ಟ.

ಈಗ ತೆರವು ಕಾರ್ಯಾಚರಣೆ. ಮೊದಲಿಗೆ ನೀರಿನ ಬಾಟಲಿಯ ಕತ್ತು ಕೊಯ್ದು, ತಲೆಕೆಳಗಾಗಿ ಒಳಕ್ಕೆ ತೂರಿಸಿ, ಸೀಗಡಿ ತುಂಡಿಟ್ಟು ಬೋನು ಹೂಡಿದೆ. ಬೆಳಿಗ್ಗೆ ಸನ್ಯಾಸಿ ಏಡಿಯೊಂದು ಒಳಗೆ ಕೂತು ಊಟ ಮಾಡುತ್ತಿತ್ತು. ತಾವು ಹೊರಗಿನಿಂದ ಅದನ್ನು ನೋಡುತ್ತಿದ್ದಿರಿ. ಕೈ ಹಾಕಿ ಹಿಡಿಯುವ ಮಾತಿಲ್ಲ, ನಿಮ್ಮವರು ಬೆರಳು ಸೀಳಿದ ಕಥೆಗಳನ್ನು ಓದಿದ್ದೇನೆ. 2009ರಲ್ಲಿ ಇಂಗ್ಲೆಂಡಿನ ನ್ಯೂಕ್ವೇಯ ಬ್ಲೂ ರೀಫ್ ಮತ್ಸ್ಯಾಲಯದವರು ಹವಳ ಕತ್ತರಿಸಿ ಮೀನು ಗಾಯಗೊಳಿಸುತ್ತಿದ್ದ ಅಪರಾಧಿಯನ್ನು ಹುಡುಕಿ ಹುಡುಕಿ, ಕೊನೆಗೆ ಇಡೀ ತೊಟ್ಟಿಯ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿದಾಗ ನಾಲ್ಕು ಅಡಿ ಉದ್ದದ ಬಾಬಿಟ್ ಹುಳು ಸಿಕ್ಕಿತು. ಗಾಳದ ದಾರವನ್ನೇ ಕಚ್ಚಿ ತುಂಡರಿಸಿತ್ತಂತೆ. ಅವರು ಅದನ್ನು ಕೊಲ್ಲಲಿಲ್ಲ. ಬ್ಯಾರಿ ಎಂದು ನಾಮಕರಣ ಮಾಡಿ ಬೇರೆ ತೊಟ್ಟಿ ಕೊಟ್ಟರು.

ಇದನ್ನು ಭಾವನಿಗೆ ಹೇಳಿದ್ದೇ ತಪ್ಪಾಯಿತು. “ಒತ್ತುವರಿ ಮಾಡ್ದೋನ್ಗೆ ಬದ್ಲಿ ಸೈಟು!” ಎಂದು ನಕ್ಕರು. ಅವರು ಏನೇ ಅನ್ನಲಿ, ತಮಗೂ ಅದೇ ಪುನರ್ವಸತಿ ಪ್ಯಾಕೇಜ್ ಸಿದ್ಧವಾಗಿದೆ: 20 ಲೀಟರಿನ ಪ್ರತ್ಯೇಕ ತೊಟ್ಟಿ, ಗಾಜಿನ ಬದಲು ದಪ್ಪ ಅಕ್ರಿಲಿಕ್, ವಾಸಕ್ಕೆ ಒಂದು ಗೇಣು ಪಿವಿಸಿ ಪೈಪು. ಊಟಕ್ಕೆ ಮಂಗಳೂರಿನ ಸೀಗಡಿ, ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಐಸು ಹೊತ್ತು ಕುಣಿಗಲ್ ದಾಟುವ ಮೀನಿನ ಗಾಡಿಗಳ ಮಾಲು. ತೆರವಿನ ವಿಧಾನ ಇಷ್ಟು: ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಲ್ಲನ್ನು ಎತ್ತಿ ಬಕೆಟ್ಟಿನಲ್ಲಿಟ್ಟು ತೂತಿನೊಳಕ್ಕೆ ಸಿರಿಂಜಿನಿಂದ ಸೋಡಾ ಬಿಡಲಾಗುವುದು. ಗ್ಯಾಸಿಗೆ ಉಸಿರು ಕಟ್ಟಿ ತಾವಾಗಿಯೇ ಹೊರಬರಬೇಕಾಗುತ್ತದೆ. ಸೋಡಾ ಸಾದಾ, ನಿಂಬೆ ಉಪ್ಪು ಹಾಕಿರುವುದಿಲ್ಲ. ಬಕೆಟ್ ಹಿಡಿಯುವವರು ಭಾವ, ಸಿರಿಂಜು ಮಾವನ ಕೈಯಲ್ಲಿ. ಆವತ್ತು ಹೇಮಾವತಿ ವಿಷಯ ಎತ್ತಕೂಡದೆಂದು ಇಬ್ಬರಿಂದಲೂ ಅಮ್ಮ ಮಾತು ತೆಗೆದುಕೊಂಡಿದ್ದಾರೆ.

ತಮ್ಮ ಆಕ್ಷೇಪಣೆಗಳೇನಾದರೂ ಇದ್ದಲ್ಲಿ ಶನಿವಾರ ರಾತ್ರಿಯೊಳಗೆ ಟಕ್ ಎಂದು ಸಲ್ಲಿಸತಕ್ಕದ್ದು. ತಡವಾಗಿ ಬಂದವುಗಳನ್ನು ಪರಿಗಣಿಸಲಾಗುವುದಿಲ್ಲ.

ತಮ್ಮ ವಿಶ್ವಾಸಿ,
ತೊಟ್ಟಿಯ ಮಾಲೀಕ

ಪ್ರತಿ:
ಶ್ರೀಮತಿ ಐಪ್ಟೇಸಿಯಾ ಮತ್ತು ಕುಟುಂಬದವರು, ಅದೇ ಕಲ್ಲು, ಹಿಂಬದಿ: ಮಾಹಿತಿಗಾಗಿ. ಮುಂದಿನ ಸರದಿ ತಮ್ಮದು.
ಸನ್ಯಾಸಿ ಏಡಿ, ಬಾಟಲಿ: ಊಟ ಮುಗಿದಿದ್ದರೆ ಹೊರಬರುವುದು.
ಎಲೆಕ್ಟ್ರಿಷಿಯನ್: ಮುನ್ನೂರು ರೂಪಾಯಿ ವಾಪಸಾತಿಯ ಬಗ್ಗೆ ಸೂಕ್ತ ಕ್ರಮಕ್ಕಾಗಿ.