ಗುಲ್ವಾಡಿ ಶುನಕಸೂತ್ರ ಅಥವಾ ಬೊಗಳದ ನಾಯಿಯ ಶಾಸ್ತ್ರವಿಚಾರ

ಶಾಸ್ತ್ರಗ್ರಂಥ ‘ಅಥ’ ಎಂದೇ ಶುರುವಾಗಬೇಕು. ಅಥ.

ಮೊದಲು ಅನುಬಂಧ ಚತುಷ್ಟಯ. ವಿಷಯ: ನಾಯಿಮರಿಯನ್ನು ಶಾಂತವಾಗಿಯೂ ಧೀರವಾಗಿಯೂ ಬೆಳೆಸುವುದು. ಅಧಿಕಾರಿಗಳು: ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಅಬ್ಬಿ, ಅಂದರೆ ಅಮ್ಮ, ಮತ್ತು ಬೆಂಗಳೂರಿನ ಹೋಟೆಲಿನ ಗಲ್ಲಾದಲ್ಲಿ ಕೂತು ‘ಜೊತೆಗೊಂದು ನಾಯಿ ಇರಲಿ’ ಎಂದು ಮರಿ ಕಳಿಸಿಕೊಟ್ಟ ಮಗ. ಪ್ರಯೋಜನ: ಪೋಸ್ಟ್‌ಮ್ಯಾನ್ ಗೇಟು ದಾಟಿ ಒಳಗೆ ಬರುವುದು. ಸಂಬಂಧ: ಮಗನಿಗೂ ಮರಿಗೂ ಇರುವುದು, ಸದ್ಯಕ್ಕೆ ವಾಟ್ಸಾಪಿನದು.

ಈ ಶಾಸ್ತ್ರ ಗುಲ್ವಾಡಿಯಲ್ಲೇ ಏಕೆ ಹುಟ್ಟಬೇಕು ಎಂದು ಕೇಳುವವರಿಗೆ ಸಾಹಿತ್ಯಚರಿತ್ರೆಯೇ ಉತ್ತರ. ಕುಂದಾಪುರ ಸೀಮೆಯ ಈ ಊರಿನ ಹೆಸರು ಹೊತ್ತ ಗುಲ್ವಾಡಿ ವೆಂಕಟರಾಯರು 1899ರಲ್ಲಿ ‘ಇಂದಿರಾಬಾಯಿ’ ಬರೆದು ಕನ್ನಡಕ್ಕೆ ಮೊದಲ ಸಾಮಾಜಿಕ ಕಾದಂಬರಿ ಕೊಟ್ಟರು. ಅದೇ ಹೆಸರಿನ ಸಂತೋಷಕುಮಾರ ಗುಲ್ವಾಡಿಯವರು ‘ತರಂಗ’ದ ಸಂಪಾದಕರಾಗಿ ವಾರವಾರ ಕನ್ನಡಿಗರನ್ನು ಓದಿಸಿದರು. ಕಾದಂಬರಿ ಆಯಿತು, ವಾರಪತ್ರಿಕೆ ಆಯಿತು. ನಾಯಿಮರಿಯೊಂದು ಬಾಕಿ ಇತ್ತು.

ಪೂರ್ವಸೂರಿಗಳು

ಕನ್ನಡದಲ್ಲಿ ಈ ವಿಷಯದ ಮೊದಲ ಪ್ರಮಾಣಗ್ರಂಥ ಕಲ್ಲಿನ ಮೇಲಿದೆ. ಸುಮಾರು ಕ್ರಿ.ಶ. 949-50ರ ಆತಕೂರು ಶಾಸನ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ‘ಬೇಕಾದ್ದು ಕೇಳು’ ಎಂದ. ಆತ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿ, ಹಂದಿ ಎರಡೂ ಅಲ್ಲೇ ಸತ್ತವು. ಕಾಳಿಗೆ ಕಲ್ಲು ನಿಂತಿತು, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು, ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ನಾಯಿಯ ಪಾಪ ತಟ್ಟುವ ಏರ್ಪಾಡೂ ಆಯಿತು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗೌರವದಿಂದಲೇ ಹೇಳುತ್ತೇನೆ, ನಮ್ಮ ಶಾಸ್ತ್ರದ ದೃಷ್ಟಿಯಲ್ಲಿ ಕಾಳಿ ಅರ್ಧ ಮಾತ್ರ ಉತ್ತೀರ್ಣ. ಧೈರ್ಯಕ್ಕೆ ಪೂರ್ಣ ಅಂಕ, ಶಾಂತಿಗೆ ಸೊನ್ನೆ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ನಾಯಿಗಳಿಗಾಗಿಯೇ ಒಂದು ವಿನೋದ ಮೀಸಲಿಟ್ಟ. ಅರಸರ ಬೇಟೆನಾಯಿಗಳ ಸಂಗತಿ ಅದು. ಗಂಜಿ ಕುಡಿಯುವ ಕುನ್ನಿಗೆ ಹೆಚ್ಚು ಉಪಯೋಗವಿಲ್ಲ.

ಆದರೆ ಮಹಾಭಾರತವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆದಿಪರ್ವದ ಹೊಸ್ತಿಲಲ್ಲೇ ಒಂದು ನಾಯಿಮರಿ ಪೆಟ್ಟು ತಿನ್ನುತ್ತದೆ. ಜನಮೇಜಯನ ಯಾಗಶಾಲೆಯ ಹತ್ತಿರ ಸರಮೆ ಎಂಬ ನಾಯಿಯ ಮರಿ ಬಂತು. ಅವನ ತಮ್ಮಂದಿರು ಹೊಡೆದು ಓಡಿಸಿದರು. ಮರಿ ಅಳುತ್ತ ತಾಯಿಯ ಹತ್ತಿರ ಹೋಯಿತು. ನೀನೇ ಏನೋ ತಪ್ಪು ಮಾಡಿರಬೇಕು ಎಂದಳು ತಾಯಿ. ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ ಎಂದಿತು ಮರಿ. ಸರಮೆ ನೇರ ಯಾಗಶಾಲೆಗೇ ಹೋಗಿ, ತಪ್ಪು ಮಾಡದ ಮರಿಗೆ ಏಕೆ ಹೊಡೆದಿರಿ ಎಂದು ಕೇಳಿದಳು. ಉತ್ತರ ಬರಲಿಲ್ಲ. ಕಾಣದ ದಿಕ್ಕಿನಿಂದ ಭಯ ಬರಲಿ ಎಂದು ಶಪಿಸಿ ಹೋದಳು.

ಪಶ್ಚಿಮದ ತರಬೇತುದಾರರು ದಪ್ಪ ದಪ್ಪ ಪುಸ್ತಕಗಳಲ್ಲಿ ಹೇಳುವುದು ಇಷ್ಟನ್ನೇ. ಏಕೆ ಪೆಟ್ಟು ಬಿತ್ತೆಂದು ತಿಳಿಯದ ಮರಿ ಕಲಿಯುವುದು ಒಂದೇ ಪಾಠ, ಯಾವಾಗ ಬೇಕಾದರೂ ಪೆಟ್ಟು ಬೀಳಬಹುದು. ಜಗಲಿಯಲ್ಲಿ ಉಚ್ಚೆ ಹೊಯ್ದು ಅರ್ಧ ಗಂಟೆಯಾದ ಮೇಲೆ ಅದರ ಮೂತಿ ತಿಕ್ಕಿ ಹಿಡಿಸೂಡಿಯಲ್ಲಿ ಬಾರಿಸಿದರೆ, ಉಚ್ಚೆಗೂ ಸೂಡಿಗೂ ಸಂಬಂಧ ಅದಕ್ಕೆ ಹೊಳೆಯುವುದಿಲ್ಲ. ಸೂಡಿ ಹಿಡಿದ ಕೈಗೂ ಭಯಕ್ಕೂ ಸಂಬಂಧ ಹೊಳೆಯುತ್ತದೆ. ಎದ್ದ ಕೂಡಲೇ, ತಿಂದ ಕೂಡಲೇ, ಆಡಿದ ಕೂಡಲೇ ಅಂಗಳದ ಅದೇ ಮೂಲೆಗೆ ಎತ್ತಿಕೊಂಡು ಹೋಗಿ ಕೆಲಸ ಮುಗಿದಾಗ ಒಂದು ತುಣುಕು ಮೀನು ಕೊಡುವುದೇ ಇಲ್ಲಿಯ ಪ್ರಾಯಶ್ಚಿತ್ತ ವಿಧಿ. ಅದೇ ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ನಡೆದ ನಾಯಿಯಿದೆ. ಹಿಮಾಲಯ ಹತ್ತಿತು, ಜೊತೆಯವರು ಒಬ್ಬೊಬ್ಬರೇ ಬೀಳುವುದನ್ನು ಕಂಡಿತು, ಇಂದ್ರನ ರಥ ಎದುರಿಗೆ ಬಂದು ನಿಂತಿತು. ಆಗಲೂ ಅದು ಬೊಗಳಿದ್ದು ನನ್ನ ಓದಿನಲ್ಲಿ ಸಿಕ್ಕಿಲ್ಲ. ಪೂರ್ಣಾಂಕ ಅದಕ್ಕೆ.

ಪ್ರಮಾಣ ಮೀಮಾಂಸೆ

ಈಗ ಮುಖ್ಯ ವಿವಾದ. ಊರಿನ ಮತದಲ್ಲಿ ಬೊಗಳುವ ನಾಯಿ ಧೈರ್ಯದ ನಾಯಿ. ಗೇಟಿನ ಹೊರಗೆ ನಿಂತವರು ‘ಹ್ವಾಯ್, ನಾಯಿ ಕಚ್ಚತ್ತಾ?’ ಎನ್ನುತ್ತಾರೆ. ಒಳಗಿನಿಂದ ‘ಎಂತ ಮಾಡುದಿಲ್ಲೆ, ಬನ್ನಿ’ ಎಂದು ಬರುತ್ತದೆ. ಇಲ್ಲಿ ಯಜಮಾನರ ಮಾತು ಆಪ್ತವಾಕ್ಯ, ನಾಯಿಯ ಹಲ್ಲು ಪ್ರತ್ಯಕ್ಷ. ಗೇಟಿಗೆ ತೂಗಿದ ‘ನಾಯಿ ಇದೆ, ಎಚ್ಚರಿಕೆ’ ಶಾಸನಪ್ರಮಾಣ. ಮೂರೂ ಒಂದಕ್ಕೊಂದು ವಿರುದ್ಧವಾದಾಗ ನೈಯಾಯಿಕ ರಸ್ತೆಯಲ್ಲೇ ನಿಲ್ಲುತ್ತಾನೆ.

ಸಿದ್ಧಾಂತಿಯು ನಾಯಿಯನ್ನೇ ನೋಡಬೇಕು. ಬೊಗಳುತ್ತ ಅದು ಎರಡು ಹೆಜ್ಜೆ ಮುಂದೆ ಬಂದು ಮೂರು ಹೆಜ್ಜೆ ಹಿಂದೆ ಹೋಗುತ್ತದೆ. ಭಾರವೆಲ್ಲ ಹಿಂಗಾಲಿನ ಮೇಲೆ, ಕಿವಿ ತಲೆಗೆ ಅಂಟಿದೆ, ಬಾಲ ತೊಡೆಯ ಸಂದಿಯಲ್ಲಿ, ಕಣ್ಣಿನ ಬಿಳಿ ಕಾಣುತ್ತಿದೆ. ಇದು ಶೌರ್ಯವಲ್ಲ. ‘ದಯವಿಟ್ಟು ಹೋಗಿ’ ಎಂಬ ಅರ್ಜಿ. ಸಂತೋಷಕ್ಕೆ, ಬೇಸರಕ್ಕೆ, ಕರೆಯುವುದಕ್ಕೆ ಬೊಗಳುವುದೂ ಉಂಟು. ಅವು ಬೇರೆ ಅಧಿಕರಣ. ನಿಜವಾಗಿ ಧೈರ್ಯವಿರುವ ನಾಯಿ ಎದ್ದು ಬಂದು, ಬಂದವರ ಚಪ್ಪಲಿಯನ್ನು ಒಂದು ಸುತ್ತು ಮೂಸಿ, ಚಪ್ಪಲಿ ಯಾರ ಮನೆಯದೆಂದು ನಿರ್ಧರಿಸಿ, ಮತ್ತೆ ಹೋಗಿ ಮಲಗುತ್ತದೆ.

ಕಾಲಾಧಿಕರಣ

ಆ ಧೈರ್ಯ ಬರುವುದಕ್ಕೆ ಮುಹೂರ್ತವಿದೆ. ಹುಟ್ಟಿದ 3ನೇ ವಾರದಿಂದ ಸುಮಾರು 12-14ನೇ ವಾರದವರೆಗೆ. 1961ರಲ್ಲಿ ಅಮೆರಿಕದ ಫ್ರೀಡ್‌ಮನ್, ಕಿಂಗ್, ಎಲಿಯಟ್ ಎಂಬ ಮೂವರು, ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಮುಖವೇ ಕಾಣದಂತೆ ಮರಿಗಳನ್ನು ಬೆಳೆಸಿ ನೋಡಿದರು. ನಡುವಿನ ವಾರಗಳಲ್ಲಿ ಜನರ ಸಹವಾಸ ಸಿಕ್ಕ ಮರಿಗಳು ಹೊಂದಿಕೊಂಡವು. 14 ವಾರ ಯಾರನ್ನೂ ಕಾಣದವು ಕಾಡುಪ್ರಾಣಿಗಳ ಹಾಗೆ ಮನುಷ್ಯರಿಂದ ದೂರವೇ ಉಳಿದವು.

ಅದೇ ಪ್ರಯೋಗವನ್ನು ನಮ್ಮ ಕಡೆ ಕಾಂಪೌಂಡ್ ಗೋಡೆ ಎಂಬ ಹೆಸರಿನಲ್ಲಿ, ಯಾವ ಅನುದಾನವೂ ಇಲ್ಲದೆ, ಮುಂದುವರಿಸಲಾಗುತ್ತಿದೆ. ಹಿಂದೆ ತುಂಬಿದ ಮನೆಯ ಜಗಲಿಯಲ್ಲಿ ಬಿದ್ದುಕೊಂಡ ಕುನ್ನಿ ಹಾಲಿಗೆ ಬಂದವರನ್ನು, ಗದ್ದೆಗೆ ಹೊರಟವರನ್ನು, ಶಾಲೆ ಬಿಟ್ಟ ಮಕ್ಕಳನ್ನು, ಹಟ್ಟಿಯಿಂದ ಹೊರಟ ದನವನ್ನು ಬೆಳಗಾಗುವಷ್ಟರಲ್ಲಿ ಕಂಡು ಮುಗಿಸುತ್ತಿತ್ತು. ಗೊರಬು ಹೊದ್ದು ಬಂದವನ ಕೆಳಗೆ ಎರಡು ಪರಿಚಯದ ಕಾಲುಗಳಿರುತ್ತವೆ ಎಂಬ ತತ್ತ್ವಜ್ಞಾನ ಅದಕ್ಕೆ ಒಂದೇ ಮಳೆಗಾಲದಲ್ಲಿ ಆಗುತ್ತಿತ್ತು. ಈಗಿನ ಮರಿ ಕಾಣುವುದು ಅಬ್ಬಿಯನ್ನು ಮತ್ತು ಗೇಟಿನ ಸರಳುಗಳನ್ನು. ಹೆಲ್ಮೆಟ್ ಹಾಕಿದವನು ಅದಕ್ಕೆ ರಾಕ್ಷಸವೇಷ. ಫಟ್ಟನೆ ಬಿಚ್ಚಿದ ಕೊಡೆ ಪ್ರಳಯ.

ಆದ್ದರಿಂದ ವಿಧಿ: ಆ ವಾರಗಳಲ್ಲಿ ಕೊಡೆ, ಹೆಲ್ಮೆಟ್, ಗಡ್ಡ, ಊರುಗೋಲು, ಅಳುವ ಮಗು ಎಲ್ಲವನ್ನೂ ದೂರದಿಂದ, ಮರಿಗೆ ಬೇಕಾದಾಗ ಹಿಂದೆ ಸರಿಯುವಷ್ಟು ಜಾಗ ಬಿಟ್ಟು ತೋರಿಸುವುದು. ಎಳೆದುಕೊಂಡು ಹೋಗಿ ತೋರಿಸಿದರೆ ಫಲ ವಿಪರೀತ.

ಇಲ್ಲೊಂದು ಶಾಸ್ತ್ರವಿರೋಧವಿದೆ. ಲಸಿಕೆ ಶಾಸ್ತ್ರದ ಪ್ರಕಾರ 6-8 ವಾರಕ್ಕೆ ಮೊದಲ ಚುಚ್ಚುಮದ್ದು, ಮೂರು-ನಾಲ್ಕು ವಾರಕ್ಕೊಮ್ಮೆ ಮತ್ತೆ, ಸುಮಾರು 16 ವಾರದವರೆಗೆ. ಅಷ್ಟರ ತನಕ ಪಾರ್ವೋ ಕಾಯಿಲೆ ಬರುವ ಭಯ, ಹೊರಗೆ ಬಿಡಬೇಡಿ. ಸಹವಾಸ ಶಾಸ್ತ್ರದ ಪ್ರಕಾರ ಅಷ್ಟರೊಳಗೆ ಮುಹೂರ್ತವೇ ಮುಗಿಯಿತು. ಸಮನ್ವಯ ಸುಲಭ. ಮೊದಲ ಲಸಿಕೆಯಾಗಿ ಒಂದು ವಾರ ಕಳೆದ ಮೇಲೆ ಮರಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್‌ಸ್ಟಾಪಿಗೆ ಹೋಗಿ ನಿಲ್ಲುವುದು. ಬೀದಿನಾಯಿಗಳು ಓಡಾಡಿದ ನೆಲಕ್ಕೆ ಅದರ ಕಾಲು ತಾಗಬಾರದು, ಕಣ್ಣು ಮೂಗು ಊರೆಲ್ಲ ಸುತ್ತಬೇಕು. ಮೊಮ್ಮಕ್ಕಳೆಲ್ಲ ಬೆಂಗಳೂರಲ್ಲಿರುವುದರಿಂದ ಸೊಂಟ ಹೇಗೂ ಖಾಲಿಯಿದೆ.

ರೇಬಿಸ್ ವಿಷಯದಲ್ಲಿ ಮಾತ್ರ ಪೂರ್ವಪಕ್ಷ, ಉತ್ತರಪಕ್ಷ ಯಾವುದೂ ಇಲ್ಲ. ಮೂರು ತಿಂಗಳಿಗೆ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ಹಾಗೆ ಮತ್ತೆ ಮತ್ತೆ. ಯಾವ ನಾಯಿಯ ಹಲ್ಲು ತಾಗಿದರೂ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಸೀದಾ ಆಸ್ಪತ್ರೆಗೆ. ಮಂತ್ರ ಹಾಕಿಸುವವರು ಆಸ್ಪತ್ರೆಯಿಂದ ಬಂದ ಮೇಲೆ ಹಾಕಿಸಲಿ.

ಶಬ್ದಾಧಿಕರಣ

ಕುಂದಾಪುರ ಸೀಮೆಯ ಮರಿ ಎದುರಿಸಬೇಕಾದ ಶಬ್ದಗಳು ಮುಖ್ಯವಾಗಿ ಮೂರು: ಸಿಡಿಲು, ಗರ್ನಾಲು, ಚೆಂಡೆ. ಮುಂಗಾರಿನಲ್ಲಿ ಹುಟ್ಟಿದ್ದಕ್ಕೆ ಮೊದಲನೆಯದು ಬಿಟ್ಟಿ ಸಿಗುತ್ತದೆ. ಗರ್ನಾಲಿಗೆ ಜಾತ್ರೆ, ಹಬ್ಬ ಬರಬೇಕು. ಚೆಂಡೆಯದು ದೊಡ್ಡ ತೊಡಕು. ಮಂದಾರ್ತಿ ಮೇಳದ ಹರಕೆ ಯಕ್ಷಗಾನ ಆಟಕ್ಕೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯಬೇಕು. ಮರಿಗೆ ಇರುವುದು ಕೆಲವೇ ವಾರ. ಹಾಗಾಗಿ ಮೊಬೈಲಿನಲ್ಲಿ ಸಣ್ಣ ದನಿಯಲ್ಲಿ ಆಟ ಹಾಕಿ, ಮರಿ ಗೆರಟೆಯಲ್ಲಿ ಗಂಜಿ ನೆಕ್ಕುತ್ತಿರುವಾಗ ಕೇಳಿಸಬೇಕು. ನೆಕ್ಕುವುದು ನಿಂತರೆ ಸದ್ದು ಹೆಚ್ಚಾಯಿತೆಂದೇ ಅರ್ಥ. ದಿನಕ್ಕಿಷ್ಟು ಏರಿಸುತ್ತ ಹೋದರೆ, ಬಣ್ಣದ ವೇಷ ಆರ್ಭಟಿಸುವಾಗಲೂ ಅದು ತಳ ಕಂಡ ಗೆರಟೆಯನ್ನು ಅಂಗಳದ ಉದ್ದಕ್ಕೂ ಮೂಗಿನಿಂದ ತಳ್ಳುತ್ತ ಹೋಗುತ್ತದೆ.

ಪಾವ್ಲೋವ್ ಎಂಬ ರಷ್ಯದ ವಿದ್ವಾಂಸ ಸದ್ದು ಕೇಳಿಸಿ ನಾಯಿಯ ಜೊಲ್ಲು ಅಳೆದ. 1904ರಲ್ಲಿ ಅವನಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಮೀನಿನ ಗಾಡಿಯ ಹಾರ್ನು ಕೇಳಿದ ಕೂಡಲೇ ಕೇರಿಯ ನಾಯಿಗಳೆಲ್ಲ ದಣಪೆಗೆ ಬಂದು ಕೂರುವುದನ್ನು ದಿನಾ ಕಾಣುವ ನಮ್ಮವರಿಗೆ ಅದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಮುಳ್ಳು ತೆಗೆದು ಬೇಯಿಸಿದ ಬೈಗೆ ಮೀನಿನ ಚೂರಿಗಿಂತ ದೊಡ್ಡ ಗುರು ಈ ಪ್ರಾಂತದಲ್ಲಿ ಹುಟ್ಟಿಲ್ಲ.

ತಳಿವಿಚಾರ ಸಂಕ್ಷೇಪವಾಗಿ. 2022ರಲ್ಲಿ ‘777 ಚಾರ್ಲಿ’ ಸಿನಿಮಾ ಬಂದಾಗ ಅತ್ತವರು ಬಹಳ. ಕಣ್ಣೊರೆಸಿಕೊಂಡು ಲ್ಯಾಬ್ರಡಾರ್ ಹುಡುಕಿ ಹೊರಟವರೂ ಉಂಟು. ಹಸ್ಕಿಯನ್ನು ಕರಾವಳಿಯ ಏಪ್ರಿಲ್ ಸೆಕೆಗೆ ತಂದವರ ಬಗ್ಗೆ ಈ ಗ್ರಂಥ ಮೌನ ವಹಿಸುತ್ತದೆ. ಊರಿನ ಕುನ್ನಿಯೇ ಆಗಲಿ, 8 ವಾರ ತಾಯಿಯ ಜೊತೆ ಇರಲಿ. ಎಷ್ಟು ಕಚ್ಚಿದರೆ ನೋವಾಗುತ್ತದೆಂದು ಅದು ಕಲಿಯುವುದು ಒಡಹುಟ್ಟಿದವುಗಳ ಕಿವಿಯ ಮೇಲೆ. ಕಣ್ಣು ಬಿಟ್ಟ ಕೂಡಲೇ ಚೀಲದಲ್ಲಿ ಹಾಕಿಕೊಂಡು ಬಂದರೆ ಆ ಪಾಠಕ್ಕೆ ನಿಮ್ಮ ಕಿವಿಯೇ ಗತಿ.

ರಾತ್ರಿ ಜಗಲಿಯ ಕಂಬಕ್ಕೆ ಸಂಕೋಲೆ ಹಾಕಿ ಕಟ್ಟುವ ಪದ್ಧತಿಯನ್ನು ಸಿದ್ಧಾಂತ ಖಂಡಿಸುತ್ತದೆ. ಹಾಡಿಯಿಂದ ಇಳಿಯುವ ಚಿರತೆಗೆ ಅದು ಬಡಿಸಿಟ್ಟ ಬಾಳೆಲೆ. ಶಾಂತ, ಧೀರ ನಾಯಿಯೂ ಚಿರತೆಯ ಎದುರು ಶಾಸ್ತ್ರ ಹೇಳುವುದಿಲ್ಲ. ಬಾಗಿಲ ಒಳಗೆ ಮಲಗಲಿ.

ಮಹಾಪೂರ್ವಪಕ್ಷ

ಹೀಗೆ ಬೆಳೆದ ಮರಿ ಈಗ ಆರು ತಿಂಗಳಿನದು. ಪೋಸ್ಟ್‌ಮ್ಯಾನ್ ಬರುತ್ತಾನೆ, ಚಪ್ಪಲಿ ಮೂಸುತ್ತದೆ, ಮಲಗುತ್ತದೆ. ಕರೆಂಟ್ ಬಿಲ್ಲಿನವರು ಬಂದರೂ ಅದೇ. ಸಿಡಿಲಿಗೆ ಒಂದು ಕಿವಿ ಎತ್ತಿ ಇಳಿಸುತ್ತದೆ. ಶಾಸ್ತ್ರ ಸಂಪೂರ್ಣ ಸಿದ್ಧಿಸಿತು ಎನ್ನುವಷ್ಟರಲ್ಲಿ ಅಬ್ಬಿ ಬೆಂಗಳೂರಿಗೆ ಫೋನು ಹಚ್ಚಿದರು.

‘ಮಗಾ, ಈ ಕುನ್ನಿ ಬೊಗಳುದೇ ಇಲ್ಲೆ. ಕಳ್ಳ ಬಂದ್ರ್ ಎಂತ ಮಾಡುದ್?’

ಭಾರತೀಯ ದರ್ಶನಗಳಲ್ಲಿ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಯಾರೂ ಎತ್ತಿಲ್ಲ. ನಮಗೆ ಬೇಕಿದ್ದದ್ದು ಶಾಂತ ನಾಯಿಯಲ್ಲ, ನಮಗೆ ಮಾತ್ರ ಶಾಂತವಾಗಿದ್ದು ಊರಿಗೆಲ್ಲ ಭಯಂಕರವಾದ ನಾಯಿ ಎಂಬುದು ಈ ಹಂತದಲ್ಲಿ ಹೊರಬೀಳುತ್ತದೆ. ಸಿದ್ಧಾಂತಿ ಉತ್ತರಕ್ಕೆ ತಡಕಾಡುತ್ತಿರುವಾಗ ಮಗ ಸಿಸಿ ಕ್ಯಾಮರಾ ಹಾಕಿಸಿಯೇಬಿಟ್ಟ.

ಆರು ತಿಂಗಳಿನ ನಾಯಿ ಹಗಲಿನ ಬಹುಪಾಲು ನಿದ್ದೆ ಮಾಡುತ್ತದೆ. ಕ್ಯಾಮರಾ ಅದನ್ನು ಒಂದು ಕ್ಷಣವೂ ಬಿಡದೆ ಬೆಂಗಳೂರಿಗೆ ಕಳಿಸುತ್ತದೆ. ಗಲ್ಲಾದಲ್ಲಿ ಕೂತ ಮಗ ಟೋಕನ್ ಹರಿಯುತ್ತ, ಚಿಲ್ಲರೆ ಎಣಿಸುತ್ತ, ಮೊಬೈಲಿನ ಮೇಲೆ ಒಂದು ಕಣ್ಣಿಟ್ಟಿರುತ್ತಾನೆ. ಎರಡು ಕಾಫಿ, ಒಂದು ಮಸಾಲೆ ಎಂದವರಿಗೆ ಮೂರು ಕಾಫಿಯ ಟೋಕನ್ ಹೋಗುತ್ತದೆ. ಮಧ್ಯಾಹ್ನದ ಊಟದ ಗಲಾಟೆಯ ನಡುವೆ ಗುಲ್ವಾಡಿಗೆ ಫೋನು ಬರುತ್ತದೆ.

‘ಅಬ್ಬಿ, ಕುನ್ನಿ ಎದ್ದ್ ಹೋಯ್ತ್. ಎಲ್ಲಿಗ್ ಹೋಯ್ತ್ ಕಾಣ್.’